ಹೂತ ಪದರದ ಮೇಲೆ: ರೋಜರ್ಸ್ ಪಾಸ್‌ನ ಹಿಮದಲ್ಲಿ ಕಳೆದ ವಾರ

ಶನಿವಾರ

ರೆವೆಲ್‌ಸ್ಟೋಕ್ ಊರಿನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ಹೋದರೆ ರೋಜರ್ಸ್ ಪಾಸ್. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸೆಲ್ಕರ್ಕ್ ಬೆಟ್ಟಸಾಲಿನ ನಡುವೆ ಇರುವ ದಾರಿ ಇದು. ಎತ್ತರ ಬರೀ 1,330 ಮೀಟರ್. ಆದರೆ ಪೆಸಿಫಿಕ್ ಸಾಗರದಿಂದ ತೇವ ಹೊತ್ತು ಬರುವ ಗಾಳಿ ಇದೇ ಬೆಟ್ಟಗಳಿಗೆ ಬಡಿಯುತ್ತದೆ. ವರ್ಷಕ್ಕೆ ಸರಾಸರಿ ಸುಮಾರು 10 ಮೀಟರ್ ಹಿಮ ಬೀಳುತ್ತದೆ. ಅಷ್ಟೂ ಹಿಮ ಕಡಿದಾದ ಇಳಿಜಾರುಗಳ ಮೇಲೆ ಕೂತಿರುತ್ತದೆ. ಕೆಳಗೆ ಹೆದ್ದಾರಿ, ರೈಲು ಹಳಿ ಮತ್ತು ನಮ್ಮಂಥವರು.

ಇವತ್ತು ಅರ್ಧ ದಾರಿಯಲ್ಲೇ ನಿಲ್ಲಬೇಕಾಯಿತು. ಗೇಟ್ ಹಾಕಿತ್ತು, ಮುಂದೆ ಲಾರಿಗಳ ಉದ್ದ ಸಾಲು. ಸ್ವಲ್ಪ ಹೊತ್ತಿಗೆ ದೂರದಿಂದ ಗುಂಡಿನ ಸದ್ದು ಕೇಳಿತು. ಆಮೇಲೆ ಇನ್ನೊಂದು. ಸೇನೆಯವರು 105 ಮಿಲಿಮೀಟರ್ ಹೊವಿಟ್ಜರ್ ಫಿರಂಗಿಯಿಂದ ಬೆಟ್ಟದ ಮೇಲಿನ ಹಿಮಕ್ಕೆ ಹೊಡೆಯುತ್ತಿದ್ದರು. 1961ರಿಂದ ಇಲ್ಲಿ ಚಳಿಗಾಲದಲ್ಲಿ ಈ ಕೆಲಸ ನಡೆದುಕೊಂಡು ಬಂದಿದೆ. ಯಾವ ಇಳಿಜಾರಿಗೆ, ಯಾವಾಗ ಹೊಡೆಯಬೇಕು ಎಂದು ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾದ ಹಿಮಕುಸಿತ ತಜ್ಞರು ಹೇಳುತ್ತಾರೆ. ಗುಂಡು ಹಾರಿಸುವುದು ಸೈನಿಕರು. ರಸ್ತೆ ಖಾಲಿ ಇರುವಾಗಲೇ, ಹಿಮ ತುಂಬಾ ಜಮೆಯಾಗುವ ಮೊದಲೇ, ಅದನ್ನು ಕೆಳಗಿಳಿಸಿಬಿಡುವುದು ಉದ್ದೇಶ. ಸುಮಾರು 40 ಕಿಲೋಮೀಟರ್ ಹೆದ್ದಾರಿಗೆ 130ಕ್ಕೂ ಜಾಸ್ತಿ ಹಿಮಕುಸಿತದ ಜಾಡುಗಳು ಬಂದು ತಾಗುತ್ತವೆ. ಹಾಗಾಗಿ ಕಾಯುವುದಕ್ಕೆ ಯಾರೂ ಗೊಣಗಲಿಲ್ಲ.

ಇಲ್ಲಿನ ಚರಿತ್ರೆ ಗೊತ್ತಿದ್ದವರು ಗೊಣಗುವುದೂ ಇಲ್ಲ. ಮೇಜರ್ ಎ. ಬಿ. ರೋಜರ್ಸ್ 1881ರಲ್ಲಿ ಈ ದಾರಿಯನ್ನು ಹುಡುಕಿದರು. 1885ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲು ಹಳಿ ಇದರ ಮೂಲಕವೇ ಹಾದುಹೋಯಿತು. ಹಳಿಯನ್ನು ಕಾಪಾಡಲು ಮರದ ದಿಮ್ಮಿಗಳಿಂದ 31 ಹಿಮ ಚಪ್ಪರಗಳನ್ನು ಕಟ್ಟಿದರು. ಆದರೂ ಮೊದಲ 25 ವರ್ಷಗಳಲ್ಲಿ 200ಕ್ಕೂ ಹೆಚ್ಚು ಜನ ಹಿಮದಡಿ ಸತ್ತರು. ಅದರಲ್ಲಿ ಅತಿ ದೊಡ್ಡ ದುರಂತ 1910ರ ಮಾರ್ಚ್ 4ರ ರಾತ್ರಿಯದು. ಚೀಯಾಪ್ಸ್ ಬೆಟ್ಟದಿಂದ ಇಳಿದ ಹಿಮ ಹಳಿಯನ್ನು ಮುಚ್ಚಿತ್ತು. ಕಾರ್ಮಿಕರು ಅದನ್ನು ತೆರವು ಮಾಡುತ್ತಿದ್ದರು. ಆಗ ಎದುರು ಬದಿಯ ಅವಲಾಂಚ್ ಬೆಟ್ಟದಿಂದ ಇನ್ನೊಂದು ಕುಸಿತ ಬಂತು. 58 ಜನ ಸತ್ತರು. ಅವರಲ್ಲಿ 32 ಮಂದಿ ಜಪಾನಿನಿಂದ ಬಂದು ಇಲ್ಲಿ ದುಡಿಯುತ್ತಿದ್ದವರು. ನನ್ನನ್ನು ಬಹಳ ಕಾಡುವ ಸಂಗತಿ ಇದು. ಒಂದು ಬದಿ ಖಾಲಿಯಾಯಿತು, ಇನ್ನು ಭಯವಿಲ್ಲ ಎಂದು ಯಾರಿಗಾದರೂ ಅನಿಸುತ್ತದೆ ಅಲ್ವಾ? ಅದೇ ಬಿರುಗಾಳಿಯ ಹಿಮ ಎದುರು ಬದಿಯಲ್ಲೂ ಕೂತಿತ್ತು.

ಕೊನೆಗೆ ರೈಲ್ವೆಯವರು ಪಾಸನ್ನೇ ಬಿಟ್ಟುಕೊಟ್ಟರು. 1916ರಲ್ಲಿ 8 ಕಿಲೋಮೀಟರ್ ಉದ್ದದ ಕಾನಾಟ್ ಸುರಂಗ ತೆರೆಯಿತು. ಹೆದ್ದಾರಿ ಬಂದದ್ದು 1962ರಲ್ಲಿ. ಅದಕ್ಕೂ ಮೊದಲು ಸ್ವಿಟ್ಜರ್ಲೆಂಡ್ ಮೂಲದ ಎಂಜಿನಿಯರ್ ಪೀಟರ್ ಶೇರರ್ ಮತ್ತಿತರರು ವರ್ಷಗಟ್ಟಲೆ ಇಲ್ಲೇ ಇದ್ದು, ಒಂದೊಂದು ಜಾಡನ್ನೂ ಅಳೆದು, ರಸ್ತೆ ಎಲ್ಲಿ ಹೋಗಬೇಕು, ಎಲ್ಲಿ ಚಪ್ಪರ ಬೇಕು ಎಂದು ಲೆಕ್ಕ ಹಾಕಿದ್ದರು.

ಗೇಟ್ ತೆಗೆದಾಗ ಕತ್ತಲಾಗುತ್ತಿತ್ತು. ಇಲಿಸಿಲವೆಟ್ ಹತ್ತಿರ ಗಾಡಿ ನಿಲ್ಲಿಸಿ, ಸ್ಕೀ ಹಾಕಿಕೊಂಡು ನಾವು ಉಳಿಯಲಿದ್ದ ವೀಲರ್ ಹಟ್ ಎಂಬ ಬೆಟ್ಟದ ಮನೆಗೆ ಹೋದೆವು. ಪಾಸ್‌ನಲ್ಲಿ ಫೋನ್ ಸಿಗ್ನಲ್ ನಂಬುವಂತಿಲ್ಲ. ಅದಕ್ಕೇ ದಾರಿಯಲ್ಲೇ ಹಿಮಕುಸಿತದ ಬುಲೆಟಿನ್ ಇಳಿಸಿಕೊಂಡಿದ್ದೆವು. ಹಟ್‌ನಲ್ಲಿ ಎಲ್ಲರೂ ಸೇರಿ ಓದಿದೆವು. ಇಲ್ಲಿ ಅಪಾಯವನ್ನು 1ರಿಂದ 5ರ ತನಕ ಐದು ಹಂತಗಳಲ್ಲಿ ಹೇಳುತ್ತಾರೆ. ಮರಗಳ ಗಡಿಗಿಂತ ಕೆಳಗೆ, ಗಡಿಯಲ್ಲಿ, ಗಡಿಗಿಂತ ಮೇಲೆ ಎಂದು ಮೂರು ಎತ್ತರಗಳಿಗೆ ಬೇರೆ ಬೇರೆ ಹಂತ ಕೊಡುತ್ತಾರೆ. ನಾಳೆಗೆ ಮೇಲೆ 4, ಗಡಿಯಲ್ಲಿ 4, ಕೆಳಗೆ 3 ಇತ್ತು. ಕಾರಣವನ್ನೂ ಬರೆದಿದ್ದರು. ಬಿರುಗಾಳಿ ತಂದ ಹೊಸ ಹಿಮ, ಅದರಡಿಯಲ್ಲಿ ಜನವರಿ ಕೊನೆಯಲ್ಲಿ ಹೂತುಹೋದ ಸರ್ಫೇಸ್ ಹೋರ್, ಅಂದರೆ ಹಿಮದ ಮೇಲ್ಮೈಯಲ್ಲಿ ಬೆಳೆದ ಹರಳುಗಳ ದುರ್ಬಲ ಪದರ.

ಭಾನುವಾರ

ರೋಜರ್ಸ್ ಪಾಸ್ ಇರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಚಳಿಗಾಲದಲ್ಲಿ ಸುಮ್ನೆ ಎಲ್ಲೆಂದರಲ್ಲಿ ಹತ್ತುವ ಹಾಗಿಲ್ಲ. ಹೆದ್ದಾರಿಯ ಮೇಲೆ ಬಂದು ಬೀಳುವ ಎಷ್ಟೋ ಇಳಿಜಾರುಗಳನ್ನು ಆ ದಿನದ ಸ್ಥಿತಿ ನೋಡಿ ತೆರೆಯುತ್ತಾರೆ ಅಥವಾ ಮುಚ್ಚುತ್ತಾರೆ. ಕೆಲವು ಯಾವಾಗಲೂ ಬಂದ್. ಪರವಾನಗಿ ಇದ್ದವರೂ ಪ್ರತಿ ಬೆಳಿಗ್ಗೆ ಪಟ್ಟಿ ನೋಡಿಯೇ ಹೊರಡಬೇಕು. ಮುಚ್ಚಿದ ಜಾಗಕ್ಕೆ ಯಾವ ಕ್ಷಣದಲ್ಲೂ ಫಿರಂಗಿ ಗುಂಡು ಬೀಳಬಹುದು. ಇವತ್ತು ಬಹುಪಾಲು ಬಂದ್.

ಬೆಳಿಗ್ಗೆಯೆಲ್ಲ ಹಟ್‌ನ ಪಕ್ಕದಲ್ಲೇ ಬೀಕನ್ ಅಭ್ಯಾಸ ಮಾಡಿದೆವು. ಎದೆಗೆ ಕಟ್ಟಿಕೊಳ್ಳುವ ಈ ಪುಟ್ಟ ಸಾಧನ 457 ಕಿಲೋಹರ್ಟ್ಜ್‌ನಲ್ಲಿ ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕಾಟಕ್ಕೆ ತಿರುಗಿಸಬೇಕು. ಸಂಕೇತ ಹಿಡಿಯುವುದು, ಹತ್ತಿರ ಬಂದಾಗ ಬೀಕನ್ನನ್ನು ಹಿಮದ ಮಟ್ಟಕ್ಕೆ ಇಳಿಸಿ ಅಡ್ಡ, ಉದ್ದ ಆಡಿಸುವುದು, ದೂರ ತೋರಿಸುವ ಸಂಖ್ಯೆ ಅತಿ ಚಿಕ್ಕದಾದಲ್ಲಿ ಪ್ರೋಬ್ ಎಂಬ ಉದ್ದನೆಯ ಕಡ್ಡಿ ಚುಚ್ಚುವುದು, ಆಮೇಲೆ ಅಗೆಯುವುದು. ಹೇಳಲು ಇಷ್ಟೇ. ಜಾಸ್ತಿ ಸಮಯ ತಿನ್ನುವುದು ಅಗೆತ. ನಿಂತ ಕುಸಿತದ ಹಿಮ ಮೊದಲಿನ ಪುಡಿ ಹಿಮ ಅಲ್ಲವೇ ಅಲ್ಲ, ಸಿಮೆಂಟಿನ ಹಾಗೆ ಬಿಗಿದುಕೊಂಡಿರುತ್ತದೆ. ಪ್ರೋಬ್ ತಾಗಿದ ಜಾಗದಲ್ಲಿ ನೇರ ಕೆಳಗೆ ಅಗೆಯಬಾರದು. ಇಳಿಜಾರಿನ ಕೆಳಬದಿಯಿಂದ ಒಳಗೆ ಅಗೆಯುತ್ತಾ ಹೋಗಬೇಕು. ಮುಂದಿನವರು ಕಡಿದು ಹಿಂದಕ್ಕೆ ತಳ್ಳಬೇಕು, ಹಿಂದಿನವರು ಅದನ್ನು ಹೊರಗೆ ಹಾಕಬೇಕು.

ಸಮಯದ ಲೆಕ್ಕ ಬಹಳ ಕಠಿಣ. ಪೂರ್ತಿ ಹೂತವರನ್ನು 10 ನಿಮಿಷದೊಳಗೆ ಹೊರಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಆಮೇಲೆ ಆ ಸಂಖ್ಯೆ ಧಡಕ್ಕನೆ ಕೆಳಗೆ ಬೀಳುತ್ತದೆ. ಅರ್ಧ ಗಂಟೆ ಆಗುವಷ್ಟರಲ್ಲಿ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ. ಕಾಪಾಡಬೇಕಾದವರು ಪಕ್ಕದಲ್ಲಿ ನಿಂತಿರುವ ಗೆಳೆಯರೇ. ಇನ್ನೊಂದು ವಿಷಯವನ್ನೂ ನಮ್ಮ ಗೈಡ್ ಒತ್ತಿ ಹೇಳಿದರು. ಕೆನಡಾದಲ್ಲಿ ಹಿಮಕುಸಿತದಲ್ಲಿ ಸತ್ತವರಲ್ಲಿ ಸುಮಾರು ಕಾಲು ಭಾಗ ಜನ ಉಸಿರುಗಟ್ಟಿ ಸತ್ತವರಲ್ಲ. ಮರಕ್ಕೆ, ಬಂಡೆಗೆ ಬಡಿದು ಆದ ಪೆಟ್ಟಿನಿಂದ ಸತ್ತವರು. ಬೀಕನ್ ಎಷ್ಟು ಒಳ್ಳೆಯದಿದ್ದರೂ ಅವರಿಗೆ ಉಪಯೋಗವಿಲ್ಲ.

ಮಧ್ಯಾಹ್ನ ಕಾಡಿನೊಳಗೆ, 25 ಡಿಗ್ರಿಗಿಂತ ಕಡಿಮೆ ಓರೆ ಇರುವ ಕಡೆ ಸುಮ್ಮನೆ ಒಂದು ಸುತ್ತು ಹೋದೆವು. ಮರಗಳ ನಡುವೆ ಒಂದು ಚಿಕ್ಕ ಬಯಲು. ಅದನ್ನು ದಾಟುವಾಗ ಕಾಲಡಿಯಲ್ಲಿ 'ವುಂಫ್' ಎಂದಿತು. ಇಡೀ ಬಯಲೇ ಒಂದೆರಡು ಸೆಂಟಿಮೀಟರ್ ಕುಸಿದದ್ದು ಕಾಲಿಗೆ ಗೊತ್ತಾಯಿತು. ಹೊಟ್ಟೆಯೊಳಗೆ ತಣ್ಣಗಾಯಿತು. ಒಳಗಿರುವ ದುರ್ಬಲ ಪದರ ಮುರಿದು, ಆ ಬಿರುಕು ಕ್ಷಣದಲ್ಲಿ ಸುತ್ತಲೂ ಓಡಿದ ಸದ್ದು ಅದು. ಜಾಗ ಸಮತಟ್ಟಾಗಿತ್ತು, ಹಾಗಾಗಿ ಏನೂ ಜಾರಲಿಲ್ಲ. ಅದೇ ಸದ್ದು 35 ಡಿಗ್ರಿ ಇಳಿಜಾರಿನಲ್ಲಿ ಬಂದಿದ್ದರೆ ಕಥೆಯೇ ಬೇರೆ. ಬೆಟ್ಟ ಇದಕ್ಕಿಂತ ಸ್ಪಷ್ಟವಾಗಿ ಮಾತಾಡುವುದಿಲ್ಲ. ಈ ಸದ್ದು ಕೇಳಿದ ದಿನ ಬೇರೆ ಯಾವ ಪರೀಕ್ಷೆಯೂ ಬೇಕಿಲ್ಲ. ಅಲ್ಲಿಂದಲೇ ವಾಪಸ್ ಬಂದೆವು.

ಸೋಮವಾರ

ಇಡೀ ದಿನ ಒಂದು ಹಳ್ಳ ತೋಡಿ, ಅದರೊಳಗೆ ನಿಂತು ಕಳೆದೆವು. ನನಗೆ ಈ ಪ್ರವಾಸದಲ್ಲಿ ಬಹಳ ಇಷ್ಟವಾದ ದಿನ ಇದೇ.

ಹಳ್ಳ ಎಲ್ಲಿ ತೋಡಬೇಕು ಎನ್ನುವುದೇ ದೊಡ್ಡ ಪ್ರಶ್ನೆ. ನಾವು ಹೋಗಬೇಕೆಂದಿರುವ ಇಳಿಜಾರಿನದ್ದೇ ದಿಕ್ಕು, ಅದೇ ಎತ್ತರ, ಹೆಚ್ಚು ಕಡಿಮೆ ಅದೇ ಓರೆ ಬೇಕು. ಆದರೆ ಜಾಗ ಸುರಕ್ಷಿತವಾಗಿರಬೇಕು. ಮೇಲಿನಿಂದ ಏನೂ ಬರಬಾರದು, ಕೆಳಗೆ ಪ್ರಪಾತವೂ ಇರಬಾರದು. ಮರದ ಬುಡಕ್ಕೆ ತೀರಾ ಹತ್ತಿರವೂ ಬೇಡ, ಏಕೆಂದರೆ ಕೊಂಬೆಗಳಿಂದ ಬಿದ್ದ ಹಿಮ ಪದರಗಳನ್ನು ಕಲಸಿಬಿಟ್ಟಿರುತ್ತದೆ. ನಾವು 1,800 ಮೀಟರ್ ಎತ್ತರದಲ್ಲಿ, ಉತ್ತರಕ್ಕೆ ಮುಖ ಮಾಡಿದ ಒಂದು ಚಿಕ್ಕ ದಿಬ್ಬವನ್ನು ಆರಿಸಿಕೊಂಡೆವು. ಮೊದಲು ಪ್ರೋಬ್ ಚುಚ್ಚಿ ನೋಡಿದೆವು. ನೆಲ ಸಿಕ್ಕಿದ್ದು ಎರಡೂವರೆ ಮೀಟರ್ ಕೆಳಗೆ. ನೆಲದವರೆಗೂ ಅಗೆಯುವ ಅಗತ್ಯ ಇರಲಿಲ್ಲ. ಒಬ್ಬರ ಭಾರ ತಾಗುವ ಆಳ ಸಾಮಾನ್ಯವಾಗಿ ಮೇಲಿನ ಒಂದು ಮೀಟರ್. ಒಂದೂವರೆ ಮೀಟರ್ ಅಗೆದೆವು.

ಗೋಡೆಯನ್ನು ಸಲಿಕೆಯಿಂದ ನುಣ್ಣಗೆ ಕೆತ್ತಿ, ಬ್ರಷ್ ಆಡಿಸಿದರೆ ಚಳಿಗಾಲದ ಚರಿತ್ರೆ ಗೆರೆಗೆರೆಯಾಗಿ ಕಾಣುತ್ತದೆ. ಮೇಲೆ ಬಿರುಗಾಳಿಯ ಹೊಸ ಹಿಮ, ಮುಷ್ಟಿ ಸಲೀಸಾಗಿ ಒಳಗೆ ಹೋಗುವಷ್ಟು ಮೆತ್ತಗೆ. ಅದರ ಕೆಳಗೆ ಗಾಳಿ ಒತ್ತಿದ ಭಾಗ. ಅಲ್ಲಿ ನಾಲ್ಕು ಬೆರಳು ಮಾತ್ರ ಹೋಗುತ್ತವೆ, ಇನ್ನೂ ಕೆಳಗೆ ಒಂದೇ ಬೆರಳು. ಗಡಸುತನವನ್ನು ಹೀಗೆಯೇ ಅಳೆಯುತ್ತಾರೆ: ಮುಷ್ಟಿ, ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಚಾಕು. 55 ಸೆಂಟಿಮೀಟರ್ ಆಳದಲ್ಲಿ ಒಂದು ಬೂದು ಬಣ್ಣದ ತೆಳು ಗೆರೆ. ಬ್ರಷ್ ತಾಗಿದರೆ ಅಲ್ಲಿ ಮಾತ್ರ ಹಿಮ ಉದುರುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಗರಿಗಳ ರೂಪದ ಹರಳುಗಳು, ಐದಾರು ಮಿಲಿಮೀಟರ್ ಉದ್ದ, ನೆಟ್ಟಗೆ ನಿಂತಿವೆ.

ಇದೇ ಬುಲೆಟಿನ್‌ನಲ್ಲಿ ಓದಿದ ಸರ್ಫೇಸ್ ಹೋರ್. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತುಂಬಾ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ನೀರಾಗದೆ ನೇರವಾಗಿ ಹರಳಾಗಿ ಅದರ ಮೇಲೆ ಕೂರುತ್ತದೆ. ಬೆಳಗಿನ ಬಿಸಿಲಿಗೆ ಮಿನುಗುತ್ತಿರುತ್ತದೆ, ನೋಡಲು ಬಹಳ ಚೆಂದ. ಬಿಸಿಲೋ ಗಾಳಿಯೋ ಬಂದು ಅದನ್ನು ಹಾಳು ಮಾಡಿದರೆ ಒಳ್ಳೆಯದು. ಹಾಗಾಗದೆ ಮೆಲ್ಲಗೆ ಹಿಮ ಬಿದ್ದು ಅದನ್ನು ಹಾಗೇ ಮುಚ್ಚಿಬಿಟ್ಟರೆ ವಾರಗಟ್ಟಲೆ ಒಳಗೆ ಉಳಿಯುತ್ತದೆ. ಇಂಥ ಪದರಗಳಿಗೆ ಇಲ್ಲಿನವರು ಅವು ಹೂತುಹೋದ ದಿನಾಂಕವನ್ನೇ ಹೆಸರಾಗಿ ಇಡುತ್ತಾರೆ. ಚಳಿಗಾಲ ಪೂರ್ತಿ ಆ ಹೆಸರಿನಿಂದಲೇ ಅದರ ಮೇಲೆ ಕಣ್ಣಿಡುತ್ತಾರೆ.

ಪೂರ್ವದ ರಾಕೀಸ್ ಬೆಟ್ಟಗಳ ಕಥೆ ಬೇರೆ. ಅಲ್ಲಿ ಹಿಮ ತೆಳ್ಳಗೆ, ಚಳಿ ಜಾಸ್ತಿ. ನೆಲದ ಹತ್ತಿರ ಹಿಮ ಸುಮಾರು ಸೊನ್ನೆ ಡಿಗ್ರಿಯಲ್ಲಿರುತ್ತದೆ, ಮೇಲ್ಮೈ ಮೈನಸ್ ಇಪ್ಪತ್ತಕ್ಕೂ ಇಳಿಯುತ್ತದೆ. 10 ಸೆಂಟಿಮೀಟರ್‌ಗೆ 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಳಗಿನ ಆವಿ ಕೆಳಗಿನಿಂದ ಮೇಲಕ್ಕೆ ಓಡಿ, ಹಿಮದ ಕಣಗಳು ಮೂಲೆಮೂಲೆಯ ಸಕ್ಕರೆ ಹರಳುಗಳಾಗಿ ಬದಲಾಗುತ್ತವೆ. ಅವು ಒಂದಕ್ಕೊಂದು ಅಂಟುವುದಿಲ್ಲ. ಅಲ್ಲಿ ಚಳಿಗಾಲವಿಡೀ ತಳವೇ ಕೊಳೆತಿರುತ್ತದೆ. ಸೆಲ್ಕರ್ಕ್‌ನಲ್ಲಿ ಹಿಮ ದಪ್ಪ, ಹಾಗಾಗಿ ಆ ವ್ಯತ್ಯಾಸ ಹಂಚಿಹೋಗಿ ತಳ ಗಟ್ಟಿಯಾಗುತ್ತದೆ. ಇಲ್ಲಿ ತೊಂದರೆ ಕೊಡುವುದು ಹೆಚ್ಚಾಗಿ ನಡುವಿನ ಇಂಥ ತೆಳು ಗೆರೆಗಳು.

ಆಮೇಲೆ ಪರೀಕ್ಷೆ. 30 ಸೆಂಟಿಮೀಟರ್ ಚೌಕದ ಒಂದು ಕಂಬವನ್ನು ಸುತ್ತಲೂ ಕತ್ತರಿಸಿ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆ ಇಟ್ಟು ಬಡಿಯಬೇಕು. ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ನಮ್ಮದು ಮೊಣಕೈಯ ಎರಡನೇ ಪೆಟ್ಟಿಗೆ ಆ ಬೂದು ಗೆರೆಯಲ್ಲಿ ಚಕ್ಕನೆ ಮುರಿದು, ಇಡೀ ತುಂಡು ನಮ್ಮ ಕಾಲ ಮೇಲೆ ಜಾರಿತು. ಆಮೇಲೆ ಉದ್ದನೆಯ ಕಂಬ, 90 ಸೆಂಟಿಮೀಟರ್ ಅಗಲದ್ದು. ಇದರಲ್ಲಿ ಬಡಿಯುವುದು ಒಂದೇ ತುದಿಯಲ್ಲಿ. ಬಿರುಕು ಹುಟ್ಟುತ್ತದೆಯೇ ಎನ್ನುವುದಕ್ಕಿಂತ, ಹುಟ್ಟಿದ್ದು ಇನ್ನೊಂದು ತುದಿಯ ತನಕ ಓಡುತ್ತದೆಯೇ ಎಂದು ಇದು ತೋರಿಸುತ್ತದೆ. ಓಡಿತು, ಒಂದೇ ಏಟಿಗೆ.

ದೊಡ್ಡ ಹಿಮಕುಸಿತಕ್ಕೆ ಬೇಕಾದದ್ದು ಇಷ್ಟೇ: ಒಟ್ಟಾಗಿ ಹಿಡಿದುಕೊಂಡಿರುವ ಒಂದು ಹಾಸು, ಅದರಡಿ ದುರ್ಬಲ ಪದರ, 30 ಡಿಗ್ರಿಗಿಂತ ಜಾಸ್ತಿ ಓರೆ, ಮತ್ತು ಯಾವುದಾದರೂ ಒಂದು ಭಾರ. ಬಹುಪಾಲು ಹಾಸುಗಳು ಜಾರುವುದು 30ರಿಂದ 45 ಡಿಗ್ರಿ ನಡುವೆ. ಸ್ಕೀ ಮಾಡಲು ಅತಿ ಖುಷಿ ಕೊಡುವ ಇಳಿಜಾರುಗಳೂ ಅವೇ. ಹಿಮಕುಸಿತಕ್ಕೆ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತು ಜನರ ವಿಷಯದಲ್ಲಿ ಆ ಭಾರ ಅವರದೇ, ಅಥವಾ ಅವರ ಜೊತೆಯವರದು.

ಹಳ್ಳ ಮುಚ್ಚುವಾಗ ನಮ್ಮಲ್ಲೊಬ್ಬ ಕೇಳಿದ, "ಇವತ್ತು ಮುರಿಯದೇ ಇದ್ದಿದ್ದರೆ ಆ ಮೇಲಿನ ಬೋಳು ಇಳಿಜಾರಿಗೆ ಹೋಗಬಹುದಿತ್ತಾ?" ಗೈಡ್ ತಲೆ ಅಲ್ಲಾಡಿಸಿದರು. "ಬೇಡ ಅನ್ನೋಕೆ ಒಂದು ಹಳ್ಳ ಸಾಕು. ಹೋಗಿ ಅನ್ನೋಕೆ ಸಾಲದು" ಎಂದರು. ಒಂದೇ ಇಳಿಜಾರಿನಲ್ಲೂ ಹಿಮ ಹತ್ತು ಹೆಜ್ಜೆಗೆ ಬದಲಾಗುತ್ತದೆ. ಇಲ್ಲಿ ಸರ್ಫೇಸ್ ಹೋರ್ ಇರದಿರಬಹುದು, ಆ ಮರದ ಆಚೆ ಇರಬಹುದು. ಗಾಳಿ ಇಲ್ಲಿ ಅದನ್ನು ಮುರಿದಿರಬಹುದು, ಅಲ್ಲಿ ಬಿಟ್ಟಿರಬಹುದು. ನಾವು ನೋಡಿದ್ದು 90 ಸೆಂಟಿಮೀಟರ್ ಜಾಗ, ನಂಬಬೇಕಾದದ್ದು ಇಡೀ ಬೆಟ್ಟದ ಬದಿಯನ್ನು.

ಮಂಗಳವಾರ

ಮತ್ತೆ ಹಿಮ. ಬೆಳಿಗ್ಗೆ ಚಳಿ ಇತ್ತು, ಸಂಜೆಗೆ ಗಾಳಿ ಬೆಚ್ಚಗಾಯಿತು. ಇದು ಒಳ್ಳೆಯ ಸುದ್ದಿ ಅಲ್ಲ. ಹಗುರ ಹಿಮದ ಮೇಲೆ ಭಾರದ ಹಿಮ ಕೂತರೆ ಹಾಸು ತಾನಾಗಿಯೇ ತಯಾರಾಗುತ್ತದೆ. ನೈಋತ್ಯದಿಂದ ಬೀಸುವ ಗಾಳಿ ಗುಡ್ಡದ ಏಣಿನ ಆಚೆಗೆ, ಈಶಾನ್ಯದ ಬದಿಗೆ ಹಿಮ ಹೊತ್ತು ಹಾಕುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಎಷ್ಟೋ ಪಟ್ಟು ಬೇಗ ಅಲ್ಲಿ ಜಮೆಯಾಗುತ್ತದೆ. ಹೊರಗೆ ಹೋಗಲಿಲ್ಲ. ಗಂಟೆಗೊಮ್ಮೆ ಹೊರಗಿಟ್ಟ ಹಲಗೆಯ ಮೇಲಿನ ಹಿಮ ಅಳೆದು ಬರೆದುಕೊಂಡೆವು. ಒಂದು ಹೊತ್ತಿನಲ್ಲಿ ಗಂಟೆಗೆ 3 ಸೆಂಟಿಮೀಟರ್ ಬೀಳುತ್ತಿತ್ತು. ಹೆದ್ದಾರಿಯ ಕಡೆಯಿಂದ ಮತ್ತೆ ಫಿರಂಗಿ ಸದ್ದು.

ಬುಧವಾರ

ಆಕಾಶ ತಿಳಿಯಾಗಿತ್ತು. ಗಾಳಿ ಇಲ್ಲ. ಮರಗಳೆಲ್ಲ ಬಿಳಿ. ಸರ್ ಡೊನಾಲ್ಡ್ ಶಿಖರ ಬುಡದಿಂದ ತುದಿಯವರೆಗೂ ಕಂಡಿತು. ಬುಲೆಟಿನ್‌ನಲ್ಲಿ ಮೇಲೆ ಮತ್ತು ಗಡಿಯಲ್ಲಿ 3, ಕೆಳಗೆ 2.

ಮೂರನೇ ಹಂತದ ಬಗ್ಗೆ ಒಂದು ಮಾತು ಹೇಳಲೇಬೇಕು. ಐದರಲ್ಲಿ ಮೂರು ಎಂದರೆ ನಡುವಿನದು, ಪರವಾಗಿಲ್ಲ ಎಂದು ಕೇಳಿಸುತ್ತದೆ. ಹಾಗಲ್ಲ. ಒಂದು ಹಂತದಿಂದ ಮುಂದಿನದಕ್ಕೆ ಹೋಗುವಾಗ ಅಪಾಯ ಹಲವು ಪಟ್ಟು ಏರುತ್ತದೆ. ಮೂರರಲ್ಲಿ ಹಿಮ ತಾನಾಗಿ ಬೀಳುವುದು ಕಡಿಮೆ, ಮನುಷ್ಯರ ಭಾರಕ್ಕೆ ಬೀಳುವ ಸಾಧ್ಯತೆ ಮಾತ್ರ ಚೆನ್ನಾಗಿಯೇ ಇರುತ್ತದೆ. ನಾಲ್ಕರಲ್ಲಿ ಜನ ಹೆದರಿ ಮನೆಯಲ್ಲೇ ಇರುತ್ತಾರೆ. ಮೂರರಲ್ಲಿ ಬಿಸಿಲು ಬಂದಿರುತ್ತದೆ, ಹೊಸ ಹಿಮ ಕರೆಯುತ್ತಿರುತ್ತದೆ. ಅತಿ ಹೆಚ್ಚು ಸಾವುಗಳು ಆಗುವುದು ಈ ಹಂತದ ದಿನಗಳಲ್ಲೇ.

ಕಾನಾಟ್ ಕ್ರೀಕ್ ಕಣಿವೆಯ ಬಾಯಿಯ ತನಕ ಹೋದೆವು. ಒಳಗೆ ಹೋದರೆ ಬಲೂ ಪಾಸ್. ದಾರಿ ಕಣಿವೆಯ ತಳದಲ್ಲೇ ಸಾಗುತ್ತದೆ, ಓರೆ ತೀರಾ ಕಡಿಮೆ. ಆದರೆ ಎಡಕ್ಕೆ ಚೀಯಾಪ್ಸ್, ಬಲಕ್ಕೆ ಗ್ರಿಜ್ಲಿ ಬೆಟ್ಟ. ಎರಡೂ ಕಡೆಯ ದೊಡ್ಡ ಜಾಡುಗಳು ಬಂದು ಮುಗಿಯುವುದು ಆ ದಾರಿಯ ಮೇಲೆಯೇ.

2003ರ ಫೆಬ್ರವರಿ 1ರಂದು ಇದೇ ಕಣಿವೆಯಲ್ಲಿ ಒಂದು ಶಾಲೆಯ 14 ಮಕ್ಕಳು ಮತ್ತು ಮೂವರು ದೊಡ್ಡವರು ಸ್ಕೀ ಹಾಕಿಕೊಂಡು ನಡೆಯುತ್ತಿದ್ದರು. ಚೀಯಾಪ್ಸ್‌ನ ಉತ್ತರ ಮುಖದಲ್ಲಿ, ಅವರಿಂದ ನೂರಾರು ಮೀಟರ್ ಮೇಲೆ, ಹಿಮ ತಾನಾಗಿಯೇ ಬಿಟ್ಟುಕೊಂಡಿತು. ಎದುರು ಬೆಟ್ಟದ ಬದಿಯಲ್ಲಿದ್ದ ಇಬ್ಬರು ನೋಡಿ ಕೂಗಿದರು, ಇಳಿದು ಬಂದು ಅಗೆದರು, ಹಲವರನ್ನು ಬದುಕಿಸಿದರು. ಏಳು ಮಕ್ಕಳು ಉಳಿಯಲಿಲ್ಲ. ಅವರೆಲ್ಲ ಹದಿಹರೆಯದವರು. ಅಲ್ಲಿ ನಿಂತು ಇದನ್ನು ಕೇಳುವಾಗ ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ. ಮಕ್ಕಳು ಕಡಿದಾದ ಜಾಗಕ್ಕೆ ಹೋಗಿರಲಿಲ್ಲ, ಕಣಿವೆಯ ತಳದಲ್ಲಿದ್ದರು.

ಆ ಸಾವುಗಳ ನಂತರ ಕೆನಡಾದಲ್ಲಿ ಬಹಳಷ್ಟು ಬದಲಾಯಿತು. ಪಾರ್ಕ್ಸ್ ಕೆನಡಾ ಬೆಟ್ಟದ ದಾರಿಗಳನ್ನೇ ಸರಳ, ಸವಾಲಿನ, ಸಂಕೀರ್ಣ ಎಂದು ವಿಂಗಡಿಸಿತು. ದಿನದ ಹಿಮಸ್ಥಿತಿ ಬೇರೆ, ಜಾಗದ ಸ್ವಭಾವ ಬೇರೆ ಎಂದು ಜನರಿಗೆ ತಿಳಿಸುವುದು ಅದರ ಉದ್ದೇಶ. ಹಿಮ ದಿನದಿನಕ್ಕೆ ಬದಲಾಗುತ್ತದೆ, ಬೆಟ್ಟದ ಓರೆ ಬದಲಾಗುವುದಿಲ್ಲ. ಈಗ ಅವಲಾಂಚ್ ಕೆನಡಾ ಎಂಬ ಹೆಸರಿನಲ್ಲಿರುವ ರಾಷ್ಟ್ರೀಯ ಸಂಸ್ಥೆ ರೆವೆಲ್‌ಸ್ಟೋಕ್‌ನಲ್ಲಿ ಶುರುವಾದದ್ದು ಮರುವರ್ಷ, 2004ರಲ್ಲಿ.

ಒಳಗೆ ಹೋಗುವುದು ಬೇಡ ಎಂದುಕೊಂಡೆವು. ಕಣಿವೆಯ ಬಾಯಲ್ಲೇ ನಿಂತು ಜಾಡುಗಳನ್ನು ಓದುವುದನ್ನು ಕಲಿತೆವು. ದಟ್ಟ ಕಾಡಿನ ನಡುವೆ ಬೋಳು ಪಟ್ಟಿ ಇದ್ದರೆ ಅದು ಜಾಡು. ಅದರ ಅಂಚಿನ ಮರಗಳಿಗೆ ಬೆಟ್ಟದ ಕಡೆಯ ಕೊಂಬೆಗಳೇ ಇರುವುದಿಲ್ಲ, ಹಿಮ ಸವರಿ ಮುರಿದಿರುತ್ತದೆ. ಪಟ್ಟಿಯೊಳಗೆ ಬಾಗುವ ಗಿಡಗಳು ಮಾತ್ರ ಬೆಳೆಯುತ್ತವೆ. ನೆಟ್ಟಗೆ ಬೆಳೆದ ಎಳೆ ಮರಗಳು ಎಲ್ಲ ಒಂದೇ ಎತ್ತರದಲ್ಲಿದ್ದರೆ ಅಷ್ಟು ವರ್ಷಗಳ ಹಿಂದೆ ಇಲ್ಲಿ ದೊಡ್ಡದೊಂದು ಬಂದಿತ್ತು ಎಂದರ್ಥ.

ಮಧ್ಯಾಹ್ನ ನೋಡುತ್ತಿದ್ದ ಹಾಗೆಯೇ ದಕ್ಷಿಣಕ್ಕೆ ಮುಖ ಮಾಡಿದ ಬಂಡೆಗಳಿಂದ ಬಿಸಿಲಿಗೆ ಸಡಿಲಾದ ಹಿಮ ಉದುರಿತು. ಅದು ಕೆಳಗಿನ ಹಿಮದ ಹಾಸಿನ ಮೇಲೆ ಬಿದ್ದದ್ದೇ ತಡ, ಬೆಟ್ಟದ ಮೇಲೆ ಅಡ್ಡಕ್ಕೆ ಒಂದು ಗೆರೆ ಮೂಡಿತು. ಗೆರೆಯ ಕೆಳಗಿನದೆಲ್ಲ ಹೋಳುಹೋಳಾಗಿ ಹೊರಟಿತು. ಸದ್ದು ನಮ್ಮನ್ನು ತಲುಪಿದ್ದು ಆಮೇಲೆ. ಇಲ್ಲಿ ಕುಸಿತಗಳನ್ನು 1ರಿಂದ 5ರ ತನಕ ಗಾತ್ರದಲ್ಲಿ ಅಳೆಯುತ್ತಾರೆ. 2 ಎಂದರೆ ಒಬ್ಬರನ್ನು ಹೂಳಬಲ್ಲದು, 3 ಎಂದರೆ ಕಾರನ್ನು ಹೂಳಬಲ್ಲದು. ಗೈಡ್ ಇದನ್ನು ಎರಡೂವರೆ ಎಂದು ಬರೆದುಕೊಂಡರು.

ಗುರುವಾರ

ಕತ್ತಲಿರುವಾಗಲೇ ಅಸುಲ್ಕನ್ ಕಣಿವೆಗೆ ಹೊರಟೆವು. ಮೇಲೆ ಸುಮಾರು 2,100 ಮೀಟರ್‌ನಲ್ಲಿ ಅಸುಲ್ಕನ್ ಹಟ್ ಇದೆ. ಮಧ್ಯೆ ಮೌಸ್‌ಟ್ರ್ಯಾಪ್ ಎನ್ನುವ ಜಾಗ. ಕಣಿವೆ ಅಲ್ಲಿ ಕಿರಿದಾಗುತ್ತದೆ, ಹಲವು ದೊಡ್ಡ ಜಾಡುಗಳು ಎರಡೂ ಬದಿಯಿಂದ ಅಲ್ಲಿಗೇ ಬಂದು ಬೀಳುತ್ತವೆ. ಹಿಮ ಹರಡಿಕೊಳ್ಳಲು ಜಾಗ ಇಲ್ಲದ ಕಾರಣ ಚಿಕ್ಕ ಕುಸಿತ ಬಂದರೂ ಆಳವಾಗಿ ಹೂಳುತ್ತದೆ. ಬಿಸಿಲು ಮೇಲಿನ ಇಳಿಜಾರುಗಳನ್ನು ತಾಗುವ ಮೊದಲೇ ಅದನ್ನು ದಾಟಿರಬೇಕು. ಒಬ್ಬರಾದ ಮೇಲೆ ಒಬ್ಬರು, ದೂರ ಬಿಟ್ಟು, ನಿಲ್ಲದೆ, ಮಾತಿಲ್ಲದೆ ದಾಟಿದೆವು. ಸ್ಕೀ ಅಡಿಯಲ್ಲಿ ಹಳೆಯ ಕುಸಿತದ ಗಟ್ಟಿ ಗೆಡ್ಡೆಗಳು ತಾಗುತ್ತಿದ್ದವು.

ಟ್ರೀ ಟ್ರಯಾಂಗಲ್ ಎಂಬ ಮರಗಳ ತೋಪಿನಲ್ಲಿ, 1,900 ಮೀಟರ್ ಹತ್ತಿರ, ಮತ್ತೆ ಹಳ್ಳ ತೋಡಿದೆವು. ಅದೇ ಬೂದು ಗೆರೆ ಈಗ 80 ಸೆಂಟಿಮೀಟರ್ ಕೆಳಗಿತ್ತು. ಉದ್ದನೆಯ ಕಂಬಕ್ಕೆ ಮೂವತ್ತು ಪೆಟ್ಟು ಹಾಕಿದರೂ ಬಿರುಕು ಓಡಲಿಲ್ಲ. ಸಲಿಕೆಯ ಕೆಳಗೆ ಮಾತ್ರ ಚೂರು ಮುರಿದು ಅಲ್ಲೇ ನಿಂತಿತು.

ಮೇಲೆ ನೋಡಿದರೆ ಬೋಳು ಇಳಿಜಾರು. ಒಂದೂ ಗೆರೆ ಬಿದ್ದಿಲ್ಲ, ಪೂರ್ತಿ ಬಿಸಿಲು. ಕೋನಮಾಪಕ 36 ಡಿಗ್ರಿ ತೋರಿಸಿತು. ಗೆಳೆಯರಲ್ಲಿ ಇಬ್ಬರಿಗೆ ಹೋಗುವ ಆಸೆ, ನನಗೂ ಆಸೆಯಾಗಿತ್ತು. ಪರೀಕ್ಷೆ ಚೆನ್ನಾಗಿ ಬಂತಲ್ಲ, ದಾರಿಯಲ್ಲಿ ಒಂದು ವುಂಫ್ ಕೂಡ ಕೇಳಲಿಲ್ಲವಲ್ಲ? ಗೈಡ್ ತಾವಾಗಿ ಏನೂ ಹೇಳಲಿಲ್ಲ. ಒಬ್ಬೊಬ್ಬರೂ ತಮಗೆ ಅನಿಸಿದ್ದನ್ನು ಹೇಳಿ ಎಂದರು, ಮೊದಲು ಅನುಭವ ಕಡಿಮೆ ಇರುವವರಿಂದ ಶುರುವಾಗಲಿ ಎಂದರು. ಹಾಗೆ ಮಾಡಿದರೆ ದೊಡ್ಡವರ ಮಾತಿಗೆ ಉಳಿದವರು ತಲೆಯಾಡಿಸುವುದು ತಪ್ಪುತ್ತದೆ. ಇದು ನನಗೆ ತುಂಬಾ ಹಿಡಿಸಿತು.

ಮಾತಾಡುತ್ತಾ ಹೋದಂತೆ ಚಿತ್ರ ಸ್ಪಷ್ಟವಾಯಿತು. ಪದರ ಆಳಕ್ಕೆ ಹೋದಷ್ಟೂ ಅದನ್ನು ಎಬ್ಬಿಸುವುದು ಕಷ್ಟ ನಿಜ. ಆದರೆ ಎದ್ದರೆ ಬರುವುದು 80 ಸೆಂಟಿಮೀಟರ್ ದಪ್ಪದ ಹಾಸು, ಸೋಮವಾರದ್ದಕ್ಕಿಂತ ಎಷ್ಟೋ ದೊಡ್ಡದು. ಬಂಡೆಯ ಪಕ್ಕದಲ್ಲಿ, ಗಾಳಿ ಸವೆಸಿದ ಏಣಿನಲ್ಲಿ ಹಿಮ ತೆಳ್ಳಗಿರುತ್ತದೆ. ಅಲ್ಲಿ ಒಂದು ಹೆಜ್ಜೆ ತಾಗಿದರೂ ಬಿರುಕು ದಪ್ಪ ಇರುವ ಕಡೆಗೆ ಓಡಬಹುದು. ಮೊದಲು ಹೋದ ನಾಲ್ವರಿಗೆ ಏನೂ ಆಗದೆ ಐದನೆಯವರಿಗೆ ಆಗುವುದು ಹೀಗೆಯೇ. ಇಳಿಜಾರಿನ ಬುಡದಲ್ಲಿ ಒಂದು ತೋಡು ಇತ್ತು, ಬಂದದ್ದೆಲ್ಲ ಅದರೊಳಗೆ ತುಂಬಿಕೊಳ್ಳುತ್ತದೆ. ನಿನ್ನೆಯಷ್ಟೇ ಕಣ್ಣೆದುರು ಎರಡೂವರೆ ಗಾತ್ರದ್ದು ಬಿದ್ದಿತ್ತು. ಇಷ್ಟರ ಎದುರಿಗೆ ನಮ್ಮ ಕೈಯಲ್ಲಿದ್ದದ್ದು ಒಂದು ಹಳ್ಳದ ಒಂದು ಪರೀಕ್ಷೆ.

ಹೋಗಲಿಲ್ಲ. ಮರಗಳ ನಡುವಿನ ಓರೆ ಕಡಿಮೆ ಇರುವ ಏಣನ್ನೇ ಹಿಡಿದು, ಒಬ್ಬರನ್ನೊಬ್ಬರು ಕಣ್ಣಳತೆಯಲ್ಲಿ ಇಟ್ಟುಕೊಂಡು ಇಳಿದೆವು. ಮೊಣಕಾಲುದ್ದ ಹೊಸ ಹಿಮ, ಒಣಗಿದ್ದು, ಹಗುರವಾದದ್ದು. ಅಷ್ಟು ಒಳ್ಳೆಯ ಇಳಿತ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಹನ್ನೊಂದು ಗಂಟೆಯ ಮೊದಲೇ ಮೌಸ್‌ಟ್ರ್ಯಾಪ್ ದಾಟಿ ಕೆಳಗಿದ್ದೆವು.

ಶುಕ್ರವಾರ

ರೆವೆಲ್‌ಸ್ಟೋಕ್‌ಗೆ ವಾಪಸ್. ನೆಟ್‌ವರ್ಕ್ ಸಿಕ್ಕ ಕೂಡಲೇ ಮಾಡಿದ ಕೆಲಸ ವರದಿ ಕಳಿಸುವುದು. ಬೆಟ್ಟಕ್ಕೆ ಹೋದ ಯಾರು ಬೇಕಾದರೂ ತಾವು ಕಂಡದ್ದನ್ನು ಅವಲಾಂಚ್ ಕೆನಡಾದ ಮೌಂಟನ್ ಇನ್ಫರ್ಮೇಷನ್ ನೆಟ್‌ವರ್ಕ್‌ಗೆ ಹಾಕಬಹುದು. ಮುನ್ಸೂಚನೆ ಬರೆಯುವವರು ಅದನ್ನು ಓದುತ್ತಾರೆ, ನಾಳೆ ಹೊರಡುವವರೂ ಓದುತ್ತಾರೆ.

ನಾವು ಬರೆದದ್ದು ಇಷ್ಟು. ಭಾನುವಾರ ಕಾಡಿನ ಬಯಲಿನಲ್ಲಿ ವುಂಫ್. ಸೋಮವಾರ 1,800 ಮೀಟರ್, ಉತ್ತರ ಮುಖ, 55 ಸೆಂಟಿಮೀಟರ್ ಆಳದಲ್ಲಿ ಸರ್ಫೇಸ್ ಹೋರ್, ಬಿರುಕು ಕಂಬದ ಪೂರ್ತಿ ಓಡಿತು. ಬುಧವಾರ ಮಧ್ಯಾಹ್ನ ಬಿಸಿಲಿನ ಬದಿಯಲ್ಲಿ ಎರಡೂವರೆ ಗಾತ್ರದ ಕುಸಿತ. ಗುರುವಾರ 1,900 ಮೀಟರ್, ಅದೇ ಪದರ 80 ಸೆಂಟಿಮೀಟರ್ ಆಳದಲ್ಲಿ, ಬಿರುಕು ಓಡಲಿಲ್ಲ. ಈ ಕೊನೆಯ ಸಾಲನ್ನು ಮಾತ್ರ ಓದಿ ಯಾರಾದರೂ ಧೈರ್ಯ ತಂದುಕೊಳ್ಳಬಹುದು ಎಂದು ಗೈಡ್ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಒಂದೇ ಜಾಗ ನೋಡಿದ್ದೇವೆ, ಮರಗಳ ಮರೆಯಲ್ಲಿ. ಮೇಲಿನ ಬೋಳು ಇಳಿಜಾರಿಗೆ ನಾವು ಕಾಲಿಟ್ಟಿಲ್ಲ."